ವೈನಿ ಆರಿಸಿದ ವಾಲ್ವ್

ನಮ್ಮ ವೈನಿಯ ಎದೆಯಲ್ಲಿ ಏನೋ ಕೆಟ್ಟಿದೆ ಎಂಬುದನ್ನು ಮೊದಲು ಕಂಡುಹಿಡಿದದ್ದು ಯಾವ ಡಾಕ್ಟರೂ ಅಲ್ಲ, ನಮ್ಮವ್ವ. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಚಿಮ್ಮಡದಿಂದ ಬನಹಟ್ಟಿಯ ನಮ್ಮ ಮನೆಗೆ ಬಂದವರು. ಬಂದ ಹೊಸದರಲ್ಲಿ ತುಂಬಿದ ಕೊಡ ಹೊತ್ತು ಪಾವಟಿಗೆಯ ಮೆಟ್ಟಿಲು ಏರುತ್ತಲೇ ಅತ್ತೆಯೊಂದಿಗೆ ವಾದ ಮಾಡುವಷ್ಟು ಉಸಿರು ಅವರಿಗಿತ್ತು. ನಮ್ಮವ್ವನೂ ಬಿಡುವವಳಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಎಂಬಲ್ಲಿಂದ ಶುರುವಾದ ಮಾತು ಚಿಮ್ಮಡದವರ ರೊಟ್ಟಿ ದಪ್ಪವೋ ಬನಹಟ್ಟಿಯವರದೋ ಎಂಬಲ್ಲಿಗೆ ಹೋಗಿ, ಮಗ್ಗದ ಸದ್ದನ್ನೂ ಮೀರಿ ನಡೆಯುತ್ತಿತ್ತು. ಮದುವೆಯಾಗಿ ಮೂರ್ನಾಲ್ಕು ವರ್ಷಕ್ಕೆ ಅದು ನಿಂತುಹೋಯಿತು. "ಈಕಿ ನನಗ ಎದುರು ಮಾತಾಡೂದ ಬಿಟ್ಟಾಳ. ಏನೋ ಆಗೈತಿ, ನೋಡಪಾ," ಎಂದು ಅವ್ವ ಅಣ್ಣನಿಗೆ ಹೇಳಿದಳು.

ಅವಳು ಹೇಳಿದ್ದು ಖರೆ ಇತ್ತು. ವೈನಿಗೆ ಒಂದು ಮಾತು ಪೂರ್ತಿ ಆಡಲು ನಡುವೆ ನಿಲ್ಲಬೇಕಾಗುತ್ತಿತ್ತು. ಕುಡಚಿಗೆ ಬಸ್ಸು ಹಿಡಿದು, ಅಲ್ಲಿಂದ ರೈಲಿನಲ್ಲಿ ಮಿರಜಕ್ಕೆ ಕರೆದುಕೊಂಡು ಹೋದೆವು. ನಮ್ಮ ಕಡೆ ದೊಡ್ಡ ಬೇನೆ ಬಂದರೆ ಎಲ್ಲರೂ ಹಿಡಿಯುವ ದಾರಿ ಅದು. ಅಲ್ಲಿನ ಡಾಕ್ಟರು ಬಹಳ ಹೊತ್ತು ಎದೆಗೆ ಕಿವಿ ಕೊಟ್ಟು ಕೇಳಿ, ಸಣ್ಣವರಿದ್ದಾಗ ಜ್ವರ ಬಂದು ಕೀಲು ಬಾತಿದ್ದವೇ ಎಂದರು. ಬಾತಿದ್ದವು. ಎಕ್ಕೆ ಎಲೆ ಬಿಸಿ ಮಾಡಿ ಕಟ್ಟಿದ್ದರು, ಇಳಿದಿತ್ತು, ಮರೆತಿದ್ದರು. ಆ ಜ್ವರವೇ ಮೊಣಕಾಲು ಬಿಟ್ಟು ಎದೆಯ ವಾಲ್ವನ್ನು ಹಿಡಿದು ಹಾಳು ಮಾಡಿತ್ತು. ಅದನ್ನು ತೆಗೆದು ಬೇರೆಯದನ್ನು ಹಾಕಬೇಕು, ಮುಂಬಯಿಗೆ ಹೋಗಿ. ಅಲ್ಲಿಯವರೆಗೆ ಬಸಿರಿನ ವಿಚಾರವನ್ನೇ ಮಾಡಬೇಡಿ ಎಂದರು. ವೈನಿ ಆ ಕೊನೆಯ ಮಾತಿಗೆ ಮಾತ್ರ ಅತ್ತರು. ಎದೆ ಕೊಯ್ಯುವ ಮಾತಿಗೆ ಅಳಲಿಲ್ಲ.

ನಾನು ಆಗ ಜಮಖಂಡಿಯ ಕೋರ್ಟಿನಲ್ಲಿ ಗುಮಾಸ್ತ. ಹಿಂದಿ ಬರುತ್ತದೆ, ಇಂಗ್ಲಿಷ್ ಕಾಗದ ಓದುತ್ತಾನೆ ಎಂದು ಮುಂಬಯಿಗೆ ನನ್ನನ್ನೂ ಕರೆದೊಯ್ದರು. ಅಲ್ಲಿಗೆ ಹೋದ ಮೇಲೆ ನೋಡಿದರೆ ನನ್ನ ಹಿಂದಿಯ ಅವಶ್ಯಕತೆಯೇ ಬೀಳಲಿಲ್ಲ. ಡಾಕ್ಟರು ಮರಾಠಿಯವರು, ವೈನಿಗೆ ನನಗಿಂತ ಛಲೋ ಮರಾಠಿ ಬರುತ್ತಿತ್ತು. ನಾನು ಚೀಲ ಹಿಡಿದುಕೊಂಡು ಕುಳಿತೆ.

ಆ ಡಾಕ್ಟರನ್ನು ನೆನೆದರೆ ಇಂದಿಗೂ ಕೈ ಮುಗಿಯಬೇಕು ಅನಿಸುತ್ತದೆ. ವಯಸ್ಸಾದ, ಆತುರವಿಲ್ಲದ ಮನುಷ್ಯ. ಮೇಜಿನ ಮೇಲೆ ಎರಡು ವಾಲ್ವ್ ಇಟ್ಟು ಗಂಡಸರ ಕಡೆ ನೋಡದೆ ವೈನಿಯ ಕಡೆ ತಿರುಗಿ ಕುಳಿತರು. ಒಂದು ಲೋಹದ್ದು, ಉಂಗುರದ ನಡುವೆ ಸಣ್ಣ ಬಿಲ್ಲೆ. ಅಲುಗಿಸಿದರೆ ಟಿಕ್ ಎಂದು ತೆರೆದು ಟಿಕ್ ಎಂದು ಮುಚ್ಚುತ್ತಿತ್ತು. ಇನ್ನೊಂದು ಬಾಟಲಿಯ ನೀರಿನಲ್ಲಿ ಮುಳುಗಿದ್ದ, ಮೂರು ತೆಳು ಎಸಳಿನ, ಮಾಸಲು ಬಣ್ಣದ್ದು. ಅದು ಹಂದಿಯ ಎದೆಯಿಂದ ತೆಗೆದು ಹದ ಮಾಡಿದ್ದು ಎಂದರು. ಲೋಹದ್ದು ಸವೆಯುವುದಿಲ್ಲ, ಆದರೆ ರಕ್ತ ಹೆಪ್ಪುಗಟ್ಟದಂತೆ ಬದುಕಿರುವವರೆಗೆ ದಿನಾ ಗುಳಿಗೆ ನುಂಗಬೇಕು, ತಿಂಗಳಿಗೊಮ್ಮೆ ರಕ್ತ ತೋರಿಸಬೇಕು, ಮತ್ತು ಆ ಗುಳಿಗೆ ಹೊಟ್ಟೆಯಲ್ಲಿನ ಕೂಸಿಗೆ ಒಳ್ಳೆಯದಲ್ಲ. ಹಂದಿಯದಕ್ಕೆ ಮೊದಲ ಕೆಲವು ತಿಂಗಳು ಬಿಟ್ಟರೆ ಆ ಗುಳಿಗೆ ಬೇಡ, ಮಕ್ಕಳನ್ನು ಹಡೆಯಬಹುದು. ಆದರೆ ಅದು ಸವೆಯುತ್ತದೆ, ಸಣ್ಣ ವಯಸ್ಸಿನವರಲ್ಲಿ ಬೇಗ ಸವೆಯುತ್ತದೆ. ಹತ್ತು ವರ್ಷವೋ, ಹೆಚ್ಚೋ, ಕಡಿಮೆಯೋ. ಆಗ ಇನ್ನೊಮ್ಮೆ ಎದೆ ತೆರೆಯಬೇಕು, ಎರಡನೆಯ ಸಲ ಮೊದಲಿನಷ್ಟು ಸುಲಭವಲ್ಲ.

ಅಣ್ಣ ಒಂದು ಕ್ಷಣವೂ ತಡೆಯಲಿಲ್ಲ. ಲೋಹದ್ದೇ ಹಾಕಿರಿ ಎಂದ. ನನಗೂ ಹಾಗೇ ಅನಿಸಿತ್ತು. ಆ ಹೊಳಪು, ಆ ಟಿಕ್ ನೋಡಿದರೆ ಯಾರಿಗಾದರೂ ಅದರ ಮೇಲೇ ಮನಸ್ಸು ಹೋಗಬೇಕು. ವೈನಿ ಮಾತ್ರ ಎರಡನ್ನೂ ನೋಡುತ್ತ ಕುಳಿತು, ಉಸಿರು ಕೂಡಿಸಿಕೊಂಡು ಕೇಳಿದರು: ಇವು ಕೆಡುವಾಗ ಹ್ಯಾಗೆ ಕೆಡುತ್ತವೆ?

ಡಾಕ್ಟರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಹಂದಿಯದು ಮೆಲ್ಲಗೆ ಕೆಡುತ್ತದೆ, ಉಸಿರು ಸಿಕ್ಕಿಕೊಳ್ಳಲು ಶುರುವಾಗುತ್ತದೆ, ಸಾಮಾನ್ಯವಾಗಿ ಆಸ್ಪತ್ರೆಗೆ ಬರಲು ವೇಳೆ ಸಿಗುತ್ತದೆ. ಲೋಹದ್ದು ಕೆಡುವುದು ಕಡಿಮೆ. ಆದರೆ ಗುಳಿಗೆ ತಪ್ಪಿ ರಕ್ತ ಹೆಪ್ಪುಗಟ್ಟಿತೆಂದರೆ ಒಮ್ಮೆಲೇ ನಿಲ್ಲಬಹುದು ಎಂದರು. ಆಪರೇಷನ್ನಿಗೆ ಇನ್ನೂ ಕೆಲವು ವಾರ ಇದೆ, ಮನೆಗೆ ಹೋಗಿ ವಿಚಾರ ಮಾಡಿರಿ, ಎರಡರಲ್ಲಿ ಯಾವುದನ್ನು ಹೇಳಿದರೂ ನಾನು ತಪ್ಪು ಅನ್ನುವುದಿಲ್ಲ ಎಂದೂ ಹೇಳಿದರು.

ರೈಲಿನಲ್ಲಿ ಬರುವಾಗ ವೈನಿ ಅಣ್ಣನಿಗೆ ಹೇಳಿದ ಮಾತು ನನಗೆ ಈಗಲೂ ನಗು ತರಿಸುತ್ತದೆ. "ನಿಮ್ಮ ಮಗ್ಗಕ್ಕ ತೊಗಲಿಂದ ಬೇಕು, ಹೆಂಡತಿಗಿ ಕಬ್ಬಿಣ ನಡೀತೈತೇನ್ರಿ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇದ್ದವು. ಮಗ್ಗದ ಎರಡೂ ಬದಿಗೆ, ಲಾಳಿಯನ್ನು ಬಡಿದು ಈ ಕಡೆಯಿಂದ ಆ ಕಡೆಗೆ ಓಡಿಸುವ ಪಿಕರ್ ಎಂಬ ಗಟ್ಟಿ ತುಂಡು ಇರುತ್ತದೆ. ಅದು ಎಮ್ಮೆಯ ತೊಗಲಿನದು. ತಿಂಗಳುಗಟ್ಟಲೆ ಎಣ್ಣೆಯಲ್ಲಿ ನೆನೆಹಾಕಿ ಹದ ಮಾಡಿ ಹಾಕುತ್ತಿದ್ದರು. ಆಗಷ್ಟೇ ಪ್ಲಾಸ್ಟಿಕ್ಕಿನವು ಪ್ಯಾಟಿಗೆ ಬಂದಿದ್ದವು, ಸವೆಯುವುದಿಲ್ಲ ಎಂದು ಅಂಗಡಿಯವರು ಹೇಳುತ್ತಿದ್ದರು. ಅಣ್ಣ ಒಂದು ಮಗ್ಗಕ್ಕೆ ಹಾಕಿ ನೋಡಿ, ಅದು ಒಂದು ದಿನ ಸುಳಿವು ಕೊಡದೆ ಸೀಳಿ ಲಾಳಿ ಹಾರಿ ಹಾಸಿನ ಎಳೆಗಳು ಹರಿದ ಮೇಲೆ, ಬೈದು ಕಿತ್ತು ಎಸೆದಿದ್ದ. ತೊಗಲಿನದಾದರೆ ಸವೆಯುತ್ತ ಬಂದಂತೆ ಸದ್ದು ಬದಲಾಗುತ್ತದೆ, ಮೊದಲೇ ಗೊತ್ತಾಗುತ್ತದೆ ಎಂಬುದು ಅವನ ವಾದ. ಎಣ್ಣೆಯ ಡಬ್ಬಿಯಲ್ಲಿ ಮುಂದಿನ ಪಿಕರ್ ಯಾವಾಗಲೂ ನೆನೆಯುತ್ತಿತ್ತು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವ ಕೆಲಸ ವೈನಿಯದಾಗಿತ್ತು.

ಹೆಂಡತಿಯ ಆ ಮಾತು ಕೇಳಿ ಅಣ್ಣ ಮಿರಜ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕುಳಿತ. ಅವನಿಗೆ ಹೆದರಿಕೆ ಇತ್ತು. ಇನ್ನೊಮ್ಮೆ ಅವಳ ಎದೆ ಕೊಯ್ಯುವುದನ್ನು ತಾನು ತಾಳಲಾರೆ ಎಂದು ಮುಂದೆ ನನ್ನೊಬ್ಬನ ಮುಂದೆ ಹೇಳಿ ಅತ್ತ.

ಮನೆಯಲ್ಲಿ ಬೇರೆಯೇ ತಕರಾರು ಎದ್ದಿತು. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ, ತತ್ತಿಯನ್ನೂ ಒಳಗೆ ತರದವರು. ಹಂದಿ ಎಂಬ ಶಬ್ದ ಕೇಳಿದ್ದೇ ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಎದಿ ಮ್ಯಾಲ ಲಿಂಗ, ಎದಿ ಒಳಗ ಹಂದಿ. ಶಿವ ಮೆಚ್ಚತಾನೇನು?" ಎಂದಳು. ಮೊದಲಿನ ವೈನಿಯಾಗಿದ್ದರೆ ಅಲ್ಲೇ ತಿರುಗಿ ಅಂದುಬಿಡುತ್ತಿದ್ದರು. ಆಗ ಉಸಿರಿರಲಿಲ್ಲ. ಸುಮ್ಮನೆ ಕುಳಿತು ಅಮಾವಾಸ್ಯೆಗೆ ಕಾದರು.

ಅಮಾವಾಸ್ಯೆಗೆ ನಮ್ಮೂರಲ್ಲಿ ಮಗ್ಗ ಹೂಡುವುದಿಲ್ಲ. ಇಡೀ ಓಣಿ ನಿಶ್ಶಬ್ದವಾಗುತ್ತದೆ. ಮಗ್ಗ ತೊಳೆದು ಒರೆಸಿ ಪೂಜೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಆ ಪೂಜೆ ಅವ್ವನದೇ, ಯಾರಿಗೂ ಬಿಟ್ಟುಕೊಟ್ಟವಳಲ್ಲ. ಅಂದು ಅವ್ವ ಲಾಳಿಗೆ ವಿಭೂತಿ ಹಚ್ಚಿದಳು, ಹಲಗೆಗೆ ಹಚ್ಚಿದಳು, ಪಿಕರ್‌ಗೂ ಮೂರು ಬೆರಳು ಎಳೆದು ಕುಂಕುಮ ಇಟ್ಟಳು. ಗೋಡೆಗೆ ಒರಗಿ ಕುಳಿತಿದ್ದ ವೈನಿ ಕೇಳಿದರು:

"ಅತ್ತಿ, ಅದು ಎಮ್ಮಿ ತೊಗಲಲ್ರಿ?"

"ಹೌದು. ಅದಕ್ಕೇನಾತೀಗ?"

"ಅದಕ್ಕ ವಿಭೂತಿ ಹಚ್ಚೀರಲ್ರಿ."

"ಮಗ್ಗ ನಡಸೂದ ಅದು. ನಮಗ ಅನ್ನ ಹಾಕತೈತಿ, ಅದಕ್ಕ ಹಚ್ಚದ..." ಎಂದ ಅವ್ವ ಅಲ್ಲಿಗೇ ನಿಂತಳು. ಸೊಸೆಯ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಕೈಯಲ್ಲಿದ್ದ ವಿಭೂತಿಯನ್ನು ಮುಂದಿನ ಮಗ್ಗಕ್ಕೆ ಹಚ್ಚಲು ಹೋದಳು. ಅಂದಿನಿಂದ ಹಂದಿಯ ಮಾತು ನಮ್ಮ ಮನೆಯಲ್ಲಿ ಏಳಲಿಲ್ಲ. ನನ್ನ ಕೋರ್ಟಿನಲ್ಲಿ ಅಷ್ಟು ಚಂದದ ಪಾಟೀಸವಾಲನ್ನು ನಾನು ಕೇಳಿಲ್ಲ.

ವೈನಿ ಮಗುವಿಗಾಗಿ ತ್ಯಾಗ ಮಾಡಿದರು ಎಂದು ಬೀಗರು ಬಿಜ್ಜರು ಮುಂದೆ ಹೊಗಳುವಾಗ ನನಗೆ ಸಿಟ್ಟು ಬರುತ್ತಿತ್ತು. ತ್ಯಾಗ ಯಾರು ಮಾಡಿದರು? ಅವರಿಗೆ ಕೂಸು ಬೇಕಾಗಿತ್ತು, ಬೇಕು ಎಂದರು. ಅದಕ್ಕೆ ಏನು ಕೊಡಬೇಕಾಗುತ್ತದೆ ಎಂದು ಮೊದಲೇ ಕೇಳಿ ತಿಳಿದುಕೊಂಡು, ಕೊಡುತ್ತೇನೆ ಎಂದರು. ಹಾಗೆ ಕಣ್ಣು ತೆರೆದು ಆರಿಸಿದವರನ್ನು ನಾನು ನನ್ನ ಆಯುಷ್ಯದಲ್ಲಿ ಬಹಳ ಮಂದಿಯನ್ನು ಕಂಡಿಲ್ಲ.

ಓಣಿಯ ನೇಕಾರ ಹುಡುಗರು ರಕ್ತ ಕೊಡಲು ಮುಂಬಯಿಗೆ ಬಂದರು. ವೈನಿ ಹೇಳಿದಂತೆ ಹಂದಿಯ ವಾಲ್ವನ್ನೇ ಹಾಕಿದರು, ಆಪರೇಷನ್ ಛಲೋ ಆಯಿತು. ಮನೆಗೆ ಬಂದ ಮೇಲಿನ ಮೊದಲ ಅಮಾವಾಸ್ಯೆಗೆ ಅವ್ವ ಮಗ್ಗದ ಪೂಜೆ ಮುಗಿಸಿ, "ಬಾ ಇಲ್ಲಿ" ಎಂದು ಸೊಸೆಯನ್ನು ಕರೆದು, ಕುತ್ತಿಗೆಯ ಕೆಳಗೆ ಕಾಣುತ್ತಿದ್ದ ಗಾಯದ ತುದಿಗೆ ಅದೇ ವಿಭೂತಿ ಹಚ್ಚಿದಳು. ನನ್ನ ಕಣ್ಣು ತುಂಬಿ ಬಂದವು, ನಾನು ಲಾಳಿ ಹುಡುಕುವವನ ಹಾಗೆ ಬಗ್ಗಿದೆ.

ಮುಂದೆ ಡಾಕ್ಟರರ ಒಪ್ಪಿಗೆ ಪಡೆದು, ತಿಂಗಳು ತಿಂಗಳು ಮಿರಜಕ್ಕೆ ತೋರಿಸುತ್ತ, ವೈನಿ ಒಂದು ಹೆಣ್ಣುಮಗುವನ್ನು ಹಡೆದರು. ಜಗಳವೂ ಮನೆಗೆ ಮರಳಿ ಬಂತು. ಈಗ ಕೂಸಿಗೆ ಎಣ್ಣೆ ಹಚ್ಚುವುದರ ಬಗ್ಗೆ, ಮಲಗಿಸಲು ಜೋಳಿಗೆ ಕಟ್ಟುವುದರ ಬಗ್ಗೆ, ಸಾಲಿಗೆ ಹಾಕುವುದರ ಬಗ್ಗೆ. ರವಿವಾರ ಜಮಖಂಡಿಯಿಂದ ಬರುವ ನಾನು ಹೊಸ್ತಿಲಲ್ಲೇ ಇಬ್ಬರ ದನಿ ಕೇಳಿ, ಎಲ್ಲ ಸುಖವಾಗಿದೆ ಎಂದು ತಿಳಿದು ಚಪ್ಪಲಿ ಬಿಡುತ್ತಿದ್ದೆ.

ಹುಡುಗಿ ಕನ್ನಡ ಸಾಲಿಯ ಮೂರನೆಯ ಇಯತ್ತೆಯಲ್ಲಿದ್ದಾಗ ಒಂದು ರವಿವಾರ ಮನೆ ಸುಮ್ಮನಿತ್ತು. ಅವ್ವ ಪಡಸಾಲೆಯಲ್ಲಿ ಒಬ್ಬಳೇ ಕುಳಿತಿದ್ದಳು. "ಮತ್ತ ಎದುರು ಮಾತಾಡವಲ್ಲಳು," ಎಂದಳು. ವೈನಿಯನ್ನು ಕೇಳಿದರೆ ಅವರಿಗೆ ಮೊದಲೇ ಗೊತ್ತಿತ್ತು. "ಸದ್ದು ಬದಲಾಗೈತಿ, ತಮ್ಮಾ. ಹೋಗೂಣು," ಎಂದರು. ಅಷ್ಟೇ. ಅಳಲಿಲ್ಲ, ನಿಮ್ಮ ಮಾತು ಕೇಳಬೇಕಿತ್ತು ಎಂದು ಅಣ್ಣನಿಗೂ ಹೇಳಲಿಲ್ಲ. ಆದರೆ ಮಗಳ ತಲೆ ಬಾಚುವಾಗ ಆ ದಿನಗಳಲ್ಲಿ ಬೇಕೆಂದೇ ತಡ ಮಾಡುತ್ತಿದ್ದರು.

ಈ ಸಲ ಯಾವುದು ಎಂಬ ಮಾತು ಬಂದಾಗ ಅವ್ವ ಏನು ಹೇಳಿದಳು ಗೊತ್ತೇ? "ಮತ್ತ ಆ ತೊಗಲಿಂದ ಹಾಕಸ್ಕೊ. ಛಲೋ ನಡದಿತ್ತು."

ವೈನಿ ಉಸಿರು ತಗೊಂಡು ತಗೊಂಡು ಹೇಳಿದರು: "ಈಗ ಕೂಸು ಐತ್ರಿ ಅತ್ತಿ. ಮೂರನೇ ಸಲ ಎದಿ ತಗಸಾಕ ನನಗ ಪುರುಸೊತ್ತಿಲ್ಲ."

ಲೋಹದ್ದೇ ಹಾಕಿದರು. ಎರಡನೆಯ ಆಪರೇಷನ್ ಕಠಿಣವಾಯಿತು, ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಬೇಕಾಯಿತು, ಅಣ್ಣ ಇಳಿದುಹೋದ. ಆದರೆ ವೈನಿ ಎದ್ದು ಬಂದರು. ಮೆಂತ್ಯೆ, ಹತ್ತರಕಿಯಂಥ ತಪ್ಪಲು ಸೊಪ್ಪನ್ನು ರೊಟ್ಟಿಯೊಂದಿಗೆ ಹಸಿಯಾಗಿ ಕಂಡಾಪಟ್ಟೆ ತಿನ್ನುವ ಚಟ ಅವರದು. ಅದರಿಂದ ಗುಳಿಗೆಯ ಕೆಲಸ ಏರುಪೇರಾಗುತ್ತದೆ, ದಿನಾ ಒಂದೇ ಅಳತೆಯಲ್ಲಿ ತಿನ್ನಿರಿ ಎಂದು ಡಾಕ್ಟರು ಹೇಳಿದರು, ವೈನಿ ಹಾಗೇ ಮಾಡಿದರು. ಗುಳಿಗೆಯನ್ನು ಮರೆಯಬಾರದೆಂದು ಮುಂಜಾನೆ ಮಗ್ಗ ಚಾಲೂ ಮಾಡುವ ಮುಂಚೆ ನುಂಗುವ ರೂಢಿ ಇಟ್ಟುಕೊಂಡರು. ಮೊದಲ ಅಮಾವಾಸ್ಯೆಗೇ ಅದು ಕೈಕೊಟ್ಟಿತು. ಮಗ್ಗ ಹೂಡಲಿಲ್ಲ, ಗುಳಿಗೆ ಮರೆತುಹೋಯಿತು, ಮಧ್ಯಾಹ್ನ ನೆನಪಾಗಿ ಎಲ್ಲರೂ ಗಾಬರಿಯಾದೆವು. ಮುಂದಿನ ಅಮಾವಾಸ್ಯೆಯಿಂದ ಪೂಜೆಯ ತಾಟಿನಲ್ಲಿ ವಿಭೂತಿಯ ಪಕ್ಕದಲ್ಲಿ ಗುಳಿಗೆ ಇರತೊಡಗಿತು. ಇಟ್ಟವಳು ಅವ್ವ.

ಅಂಥ ಒಂದು ಅಮಾವಾಸ್ಯೆಗೆ ನಾನೂ ಇದ್ದೆ. ಊರಿನ ಮಗ್ಗಗಳೆಲ್ಲ ನಿಂತಿದ್ದವು. ಬೇರೆ ದಿನ ನಮ್ಮ ಮನೆಯಲ್ಲಿ ಕೂಗಿ ಹೇಳಿದ್ದೂ ಕೇಳುವುದಿಲ್ಲ. ಅಂದು ವೈನಿಯ ಎದೆಯ ಟಿಕ್ ಟಿಕ್ ನಾನು ಕುಳಿತಲ್ಲಿಗೂ ಕೇಳುತ್ತಿತ್ತು. ಹುಡುಗಿ ತಾಯಿಯ ಎದೆಗೆ ಕಿವಿ ಹಚ್ಚಿ ಬಹಳ ಹೊತ್ತು ಕುಳಿತಿದ್ದಳು.

"ಅವ್ವಾ, ಇದೂ ಸವೀತೈತೇನು?"

"ಇಲ್ಲ, ನನ್ನವ್ವಾ," ಎಂದರು ವೈನಿ, ಅವಳ ತಲೆ ನೇವರಿಸುತ್ತ. "ಈ ಸಲ ನಾ ಸವೀತೇನಿ, ಅದು ಸವಿಯೂದಿಲ್ಲ."

ಅವ್ವ ಮಗ್ಗದ ಮುಂದಿನಿಂದ ತಿರುಗಿ, ಪೂಜೆಯ ಹೊತ್ತಿಗೆ ಎಂಥ ಮಾತಾಡುತ್ತೀ, ಬಾಯಿ ಮುಚ್ಚು ಎಂದು ಗದರಿದಳು. ವೈನಿ ಅದಕ್ಕೂ ಎದುರು ಮಾತಾಡಿದರು.