ಉಳಿಯ ಸದ್ದು ನಿಂತಾಗ

ಬಸುರಿನ ಏಳನೇ ತಿಂಗಳಲ್ಲಿ ನನಗೆ ಫ್ಲೂ ಬಂತು. ಆ ವರ್ಷ ಊರಿಗೆ ಊರೇ ಕೆಮ್ಮುತ್ತಿತ್ತು, ನಾನೊಬ್ಬಳು ಹೇಗೆ ತಪ್ಪಿಸಿಕೊಳ್ಳಲಿ? ವಾರದ ಮೇಲೆ ಜ್ವರ ಇಳಿಯಿತು, ಅತ್ತೆಯ ಭಯ ಇಳಿಯಲಿಲ್ಲ. "ಬಸುರೀಲಿ ಇಂಥ ಜ್ವರ ಬಂದ್ರೆ ಮಗೂಗೆ ಕಿವಿ ಹೋಗುತ್ತಂತೆ ಕಣೇ" ಎಂದು ಯಾರೋ ಹೇಳಿದ್ದನ್ನು ನನ್ನ ತಲೆಗೂ ತುಂಬಿ ತವರಿಗೆ ಕಳಿಸಿದರು.

ತವರು ಜಯನಗರದಲ್ಲಿ. ಆಗಿನ್ನೂ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಪಕ್ಕದಲ್ಲಿ ಹೊಸ ಮನೆ ಏಳುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಕಲ್ಲುಕುಟಿಗರ ಉಳಿ ಸುತ್ತಿಗೆಗಳ ಸದ್ದು.

ಹೆಣ್ಣು ಮಗು ಹುಟ್ಟಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನಿ, ಆದರೂ ಲಕ್ಷಣವಾಗಿತ್ತು. ಲೇಡಿ ಡಾಕ್ಟರು ಎದೆ ಪರೀಕ್ಷೆ ಮಾಡಿ, "ಏನೂ ತೊಂದ್ರೆ ಇಲ್ಲಮ್ಮ, ಚೆನ್ನಾಗಿ ಹಾಲು ಕುಡಿಸಿ" ಎಂದರು. ಕಿವಿಯ ಬಗ್ಗೆ ಕೇಳಲು ನನಗೆ ಧೈರ್ಯವಾಗಲಿಲ್ಲ.

ನಾಮಕರಣಕ್ಕೆ ಬಂದ ಅತ್ತೆ ನೆಟ್ಟಗೆ ತೊಟ್ಟಿಲ ಬಳಿ ಹೋಗಿ ಹಿತ್ತಾಳೆ ತಟ್ಟೆಯನ್ನು ಸೌಟಿನಿಂದ ಬಾರಿಸಿದರು. ಬೆಚ್ಚಿಬಿದ್ದವಳು ನಾನು, ಮಗು ಹಾಯಾಗಿ ಮಲಗೇ ಇತ್ತು. ದೇವರ ಮನೆಯ ಗಂಟೆ ತಂದರು. ಊಹೂಂ. "ನಾನ್ ಹೇಳ್ಲಿಲ್ವಾ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆ ಸೌಟು ಕಿತ್ತು ಬೀದಿಗೆ ಎಸೆಯುವಷ್ಟು ಸಿಟ್ಟು ಬಂತು ನನಗೆ. ಆದರೆ ಅವರು ಊರಿಗೆ ಹೋದ ಮೇಲೆ ನಾನೂ ಕದ್ದು ಬಾರಿಸಿ ನೋಡಿದೆ. ಮಗು ಅಲುಗಲಿಲ್ಲ.

ಸಂಜೆಯಾದರೆ ಸಾಕು, ಮಗು ರಚ್ಚೆ ಹಿಡಿಯುತ್ತಿತ್ತು. ಅಮ್ಮ ದೃಷ್ಟಿ ಎಂದುಕೊಂಡು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಅಳುತ್ತಿದ್ದುದನ್ನು ಅಮ್ಮ ನೋಡಿದಳು. ಏನೂ ಮಾಡಲಾಗದ ಸಂಕಟವನ್ನೆಲ್ಲ ಕಲ್ಲುಕುಟಿಗರ ಮೇಲೆ ತೀರಿಸಿಕೊಂಡಳು. ಕಾಂಪೌಂಡಿನ ಹತ್ತಿರ ನಿಂತು, "ಬಾಣಂತಿ ಇರೋ ಮನೆ ಕಣ್ರಪ್ಪಾ, ಸ್ವಲ್ಪ ಹೊತ್ತು ನಿಲ್ಸಿ!" ಎಂದು ಕೂಗಿದಳು.

ಉಳಿಗಳು ನಿಂತವು. ಮಗು ಫಕ್ಕನೆ ಕಣ್ಣು ಬಿಟ್ಟು, ಕೈ ಮೇಲೆತ್ತಿ, ಕಿಟಾರನೆ ಕಿರುಚಿತು.

"ಅಮ್ಮಾ, ಹೊಡೀಲಿ ಬಿಡಮ್ಮಾ!" ಎಂದೆ. ಟಕ್ ಟಕ್ ಶುರುವಾಯಿತು. ಮಗು ಬಿಕ್ಕುತ್ತಾ ಬಿಕ್ಕುತ್ತಾ ಸುಮ್ಮನಾಯಿತು. ಇನ್ನೊಮ್ಮೆ ನಿಲ್ಲಿಸಿ ಎಂದೆ, ಅತ್ತಿತು. ಹೊಡೀರಿ ಎಂದೆ, ಕಣ್ಣು ಮುಚ್ಚಿತು. ಬಾಣಂತಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು ಅವರು. ಹೊಟ್ಟೆಯಲ್ಲಿದ್ದಾಗಿನಿಂದ ಆ ಸದ್ದು ಕೇಳಿಕೊಂಡೇ ಬೆಳೆದ ಕೂಸಿಗೆ ತಟ್ಟೆ ಯಾವ ಲೆಕ್ಕ!

ಅಮ್ಮ ದೊಡ್ಡ ಪಾತ್ರೆ ತುಂಬ ಮಜ್ಜಿಗೆ ಬೆರೆಸಿ ಅವರಿಗೆ ಕೊಟ್ಟು ಬಂದಳು. ನಾನು ಅತ್ತೆಗೆ ಕಾರ್ಡು ಬರೆದೆ: "ಮಗುವಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ನಿಮ್ಮ ತಟ್ಟೆಯ ಸದ್ದು ಅವಳಿಗೆ ಸಾಲದು."

ಆಮೇಲೆ ಮಗುವಿನ ಪಕ್ಕ ಉರುಳಿಕೊಂಡೆ. ಎಷ್ಟೋ ತಿಂಗಳ ಮೇಲೆ, ಆ ಗದ್ದಲದಲ್ಲೇ, ಕಣ್ತುಂಬ ನಿದ್ದೆ ಬಂತು.