ಗೂಟದಪ್ಪನವರ ಬೆಳಗಿನ ವಾಕಿಂಗ್

ಮರ ಕಡಿಯುವವರಲ್ಲಿ ಎರಡು ಬಗೆ. ಮರ ಬಿದ್ದ ಮೇಲೆ "ನಾನು ಅಲ್ಲೇ ಬೀಳಿಸ್ಬೇಕು ಅಂತಿದ್ದೆ" ಎನ್ನುವವರು ಒಂದು ಬಗೆ. ಬೀಳುವ ಮೊದಲೇ ಜಾಗ ತೋರಿಸುವವರು ಇನ್ನೊಂದು. ಗೂಟದಪ್ಪನವರು ಎರಡನೆಯ ಬಗೆಯವರು. ಆ ಬಗೆಯಲ್ಲಿ ತಾವೊಬ್ಬರೇ ಇರುವುದೆಂದು ಮೂವತ್ತೈದು ವರ್ಷ ನಂಬಿದ್ದವರು. ಕೊಡಲಿ ಎತ್ತುವ ಮೊದಲು ಮರದ ಸುತ್ತ ಮೂರು ಸಲ ತಿರುಗಿ, ಕಾಂಡಕ್ಕೆ ಬೆನ್ನು ಕೊಟ್ಟು ನಿಂತು, ಹೆಜ್ಜೆ ಅಳೆದುಕೊಂಡು ಹೋಗಿ, ಮರ ಬಂದು ಮಲಗಬೇಕಾದ ಜಾಗದಲ್ಲಿ ಮೊಳದುದ್ದದ ಒಂದು ಗೂಟ ನೆಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಾಂಡ ಬಂದು ಆ ಗೂಟವನ್ನು, ಸುತ್ತಿಗೆ ಮೊಳೆಯನ್ನು ಹೊಡೆದ ಹಾಗೆ, ನೆಲದೊಳಕ್ಕೆ ಇಳಿಸುತ್ತಿತ್ತು. ಜನ ಮರ ನೋಡಲು ಬರುತ್ತಿರಲಿಲ್ಲ, ಗೂಟ ನೋಡಲು ಬರುತ್ತಿದ್ದರು. ಯಾರೋ ತಮಾಷೆಗೆ ಇಟ್ಟ ಹೆಸರನ್ನು ಅವರು ಬಿರುದಿನ ಹಾಗೆ ಹೊದ್ದುಕೊಂಡರು.

ಕಸುಬು ಕಣ್ಣಿಗೂ ಹತ್ತಿತ್ತು. ಯಾವುದನ್ನು ನೋಡಿದರೂ ಅದು ಯಾವ ಕಡೆ ವಾಲಿದೆ ಎಂದೇ ನೋಡುವರು. ದೀಪದ ಕಂಬ, ಬಸ್ಸಿನ ಸಾಲಿನಲ್ಲಿ ನಿಂತ ದಪ್ಪ ಮನುಷ್ಯ, ಎಲ್ಲದಕ್ಕೂ ಅವರ ಮನಸ್ಸಿನಲ್ಲಿ ಒಂದೊಂದು ಗೂಟ. ಮಗಳ ಮದುವೆಯ ಫೋಟೊ ನೋಡಿ ಅವರಾಡಿದ ಮೊದಲ ಮಾತು: "ಬೀಗರು ಎಡಕ್ಕೆ ಬೀಳ್ತಾರೆ."

ಎರಡು ವರ್ಷದ ಹಿಂದೆ ಮಂಡಿ ಕೈಕೊಟ್ಟಿತು. ಆಮೇಲೆ ಕರೆ ಬಂದದ್ದೆಲ್ಲ ಅವರ ಭಾಮೈದನಿಗೆ. ಹೆಂಡತಿಯ ಒಬ್ಬನೇ ತಮ್ಮ. ಹನ್ನೆರಡು ವರ್ಷ ಇವರ ಹಗ್ಗ ಹೊತ್ತು ಇವರ ಹತ್ತಿರವೇ ಕೆಲಸ ಕಲಿತವನು. ಈಗ ನಲವತ್ತರ ಆಳು. ಅವನ ಮೆಷಿನ್ ಗರಗಸ ಒಂದೇ ಎಳೆತಕ್ಕೆ ಶುರುವಾಗುತ್ತಿತ್ತು. ಅದಕ್ಕೆ ಗೂಟದಪ್ಪನವರಿಗೆ ಹೊಟ್ಟೆಯುರಿ. ಅವನ ಹಳದಿ ಹೆಲ್ಮೆಟ್ಟಿನ ಮೇಲೆ ಹೊಟ್ಟೆಯುರಿ. ಜನ ಅವನನ್ನು 'ಸರ್' ಎನ್ನುತ್ತಿದ್ದರು. ಇವರನ್ನು ಮೂವತ್ತೈದು ವರ್ಷದಲ್ಲಿ ಹಾಗೆ ಕರೆದವನು ಒಬ್ಬನೇ, ಅವನೂ ವಿಮೆ ಮಾಡಿಸಲು ಬಂದವನು. ಏಣಿಯ ಮೇಲೆ ಭಾಮೈದ ಮೆಟ್ಟಿಲಿಗೊಂದು ಸಲ ನರಳದೆ ಹತ್ತುವುದನ್ನು ನೋಡಿದರೆ ಅವನ ಮಂಡಿಗಳ ಮೇಲೂ ಹೊಟ್ಟೆಯುರಿ.

ಇದೆಲ್ಲ ಬೂದಿ ಮುಚ್ಚಿದ ಕೆಂಡ. ಗಾಳಿ ಹಾಕಿದವರು ನಿವೃತ್ತ ಮೇಷ್ಟ್ರು.

ಮೇಷ್ಟ್ರ ಮನೆ ಗುಡ್ಡದ ಬುಡದಲ್ಲಿ. ಹಿತ್ತಲ ಇಳಿಜಾರಿನ ಮೇಲೆ, ಮೂವರು ತಬ್ಬಿದರೂ ಕೈಗೆ ಕೈ ಸೇರದ ಹಳೆಯ ಮರ. ಆ ವರ್ಷದ ಮಳೆಗೆ ಅದರ ಬುಡದ ಮಣ್ಣು ಜರುಗಿ ಬೇರು ಹೊರಗೆ ಬಿದ್ದಿತ್ತು. ನೇರ ಕೆಳಗೆ ಅಡುಗೆಮನೆ. ಒಂದು ಸಂಜೆ ಮೇಷ್ಟ್ರು ಗೂಟದಪ್ಪನವರ ಮನೆಗೇ ಬಂದರು. ಇವರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದು ಕೂತರು. ಹೆಂಡತಿ ಚಹಾ ತಂದರು. ಇಳಿಜಾರಿನ ಮರವನ್ನು ಇಳಿಜಾರಿಗೆ ಬೀಳಿಸಬಾರದು, ಅಡ್ಡಕ್ಕೆ ಮಲಗಿಸಬೇಕು, ಇಲ್ಲದಿದ್ದರೆ ಅದು ಜಾರುಬಂಡೆ ಆಡುತ್ತಾ ಮನೆಯೊಳಗೆ ಬರುತ್ತದೆ ಎಂದು ಗೂಟದಪ್ಪನವರು ಅರ್ಧ ಗಂಟೆ ವಿವರಿಸಿದರು. ಮೇಷ್ಟ್ರು ಎಲ್ಲದಕ್ಕೂ ತಲೆದೂಗಿ, ಚಹಾದ ಕೊನೆಯ ಗುಟುಕು ಮುಗಿಸಿದರು.

"ಬಹಳ ತಿಳ್ಕೊಂಡೆ. ಅಂದ ಹಾಗೆ, ನಿಮ್ಮ ಭಾಮೈದರ ಫೋನ್ ನಂಬರ್ ಇದೆಯಾ?"

ಗೂಟದಪ್ಪನವರು ನಂಬರ್ ಹೇಳಿದರು. ಕೊನೆಯ ಎರಡು ಅಂಕಿ ನೆನಪಿಲ್ಲ ಎಂದರು. ಒಳಗಿನಿಂದ ಹೆಂಡತಿ ಆ ಎರಡನ್ನೂ ಕೂಗಿ ಹೇಳಿದರು.

ಕೆಲಸದ ಹಿಂದಿನ ಸಂಜೆ ಭಾಮೈದನೇ ಬಂದ. "ಭಾವ, ಗೂಟ ನೆಟ್ಟು ಬಂದಿದೀನಿ. ನೀವೊಂದ್ಸಲ ನೋಡಿದ್ರೆ ನಂಗೂ ಧೈರ್ಯ."

ಗೂಟ ಎಂಬ ಮಾತು ಕಿವಿಗೆ ಕಾದ ಎಣ್ಣೆಯಂತೆ ಇಳಿಯಿತು. ಮೆಷಿನ್ ಆಯಿತು, ಹೆಲ್ಮೆಟ್ ಆಯಿತು, ಈಗ ಗೂಟಕ್ಕೂ ಕೈ ಹಾಕಿದ. ಗುರುವಿಗೇ ತಿರುಮಂತ್ರ.

"ನಂಗೆ ಬೇರೆ ಕೆಲಸ ಇದೆ" ಎಂದರು. ಬೇರೆ ಕೆಲಸವೆಂದರೆ ಹಳೆಯ ರೇಡಿಯೊದ ಧೂಳು ಒರೆಸುವುದು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಗೂಟದಪ್ಪನವರು ವಾಕಿಂಗ್ ಹೊರಟರು. ಸುಮ್ಮನೆ ನಡೆಯುವುದನ್ನು ಕೆಲಸವಿಲ್ಲದವರ ಚಟ ಎಂದು ಜೀವಮಾನವಿಡೀ ಬೈದವರು, ಆ ದಿನ ಆರೋಗ್ಯದ ಬಗ್ಗೆ ಹೆಂಡತಿಗೆ ನಾಲ್ಕು ಮಾತು ಹೇಳಿ ಹೊರಟರು. ಕಾಲುಗಳು ನೇರ ಮೇಷ್ಟ್ರ ಹಿತ್ತಲಿಗೆ ಒಯ್ದವು. ಅವರ ಆಸೆ ದೊಡ್ಡದೇನಲ್ಲ: ಗೂಟ ತಪ್ಪು ಜಾಗದಲ್ಲಿರಬೇಕು. ನಾಲ್ಕು ಅಡಿ ತಪ್ಪಿದ್ದರೆ ಸಂತೋಷ, ಎರಡಾದರೂ ಸಾಕು.

ಇಳಿಜಾರಿಗೆ ಅಡ್ಡವಾಗಿ ಕೋಣೆಯಷ್ಟಗಲದ ಒಂದು ಮಟ್ಟಸ ನೆಲ. ಅದರ ಕೆಳಗಿನ ಅಂಚಿಗೆ ಎರಡು ಬಂಡೆ. ಮರ ಆ ನೆಲದ ಮೇಲೆ ಮಲಗಿದರೆ ಬಂಡೆಗಳು ಅದನ್ನು ಉರುಳದಂತೆ ಹಿಡಿಯುತ್ತವೆ. ಒಂದು ಮಾರು ಕೆಳಗೆ ಸರಿದರೂ ಬಂಡೆ ತಪ್ಪಿಸಿಕೊಂಡು ಅಡುಗೆಮನೆಗೆ. ಗೂಟದಪ್ಪನವರು ಕಾಂಡಕ್ಕೆ ಬೆನ್ನು ಕೊಟ್ಟರು, ಕಣ್ಣು ಕಿರಿದು ಮಾಡಿದರು, ಹೆಜ್ಜೆ ಅಳೆದರು. ಅವರ ಕೊನೆಯ ಹೆಜ್ಜೆಗೆ ಕಾಲ್ಬೆರಳು ಗೂಟಕ್ಕೆ ತಾಗಿತು.

ಮತ್ತೆ ಹತ್ತಿ, ಮತ್ತೆ ಅಳೆದರು. ಮತ್ತೆ ಅದೇ ಬೆರಳು, ಅದೇ ಗೂಟ. ಅವರೇ ನೆಟ್ಟಿದ್ದರೂ ಅಲ್ಲಿಯೇ ನೆಡುತ್ತಿದ್ದರು, ಒಂದು ಗೇಣೂ ಆಚೀಚೆ ಇಲ್ಲ.

ತಪ್ಪಿದ್ದರೆ ಕ್ಷಮಿಸಿಬಿಡುತ್ತಿದ್ದರು. ಸರಿ ಇದ್ದದ್ದನ್ನು ಕ್ಷಮಿಸುವುದು ಅವರ ಕೈಲಾಗಲಿಲ್ಲ. ಗೂಟ ಕಿತ್ತು, ಒಂದು ಮಾರು ಕೆಳಕ್ಕೆ ನೆಟ್ಟು, ಹಳೆಯ ಗುಂಡಿಯ ಮೇಲೆ ತರಗೆಲೆ ಎಳೆದರು. ಲೆಕ್ಕಾಚಾರ ಸರಳವಾಗಿತ್ತು. ಮೆಷಿನ್ ಬಂದ ಮೇಲೆ ಗೂಟವನ್ನು ಯಾರು ನೋಡುತ್ತಾರೆ, ಅದು ಬರೀ ಜನರಿಗೆ ತೋರಿಸಲು ನೆಟ್ಟಿದ್ದು. ಅವನು ಕಣ್ಣಳತೆಯಲ್ಲೇ ಕುಯ್ಯುತ್ತಾನೆ, ಮರ ಸರಿಯಾದ ಜಾಗಕ್ಕೇ ಬೀಳುತ್ತದೆ, ಗೂಟ ಮಾತ್ರ ಒಂದು ಮಾರು ಆಚೆ ನಿಂತು ಹಲ್ಲು ಕಿರಿಯುತ್ತದೆ. ಯಾರಿಗೂ ನಷ್ಟವಿಲ್ಲ. ಜನ "ಗೂಟದಪ್ಪನವರ ಕೈಗುಣವೇ ಬೇರೆ" ಎಂದರೆ ಸಾಕು.

ಮನೆಗೆ ಬಂದು ಎಂದಿಗಿಂತ ಎರಡು ತುತ್ತು ಹೆಚ್ಚಿಗೆ ತಿಂದರು.

"ಏನ್ರೀ ಇದು, ತೋಳಿಗೆ ಸುಣ್ಣ?" ಎಂದರು ಹೆಂಡತಿ.

"ಎಲ್ಲೋ ಗೋಡೆಗೆ ಒರಗಿದ್ದೆ."

"ವಾಕಿಂಗ್ ಹೋದೋರು ಗೋಡೆಗ್ಯಾಕೆ ಒರಗಿದ್ರಿ?"

"ಸುಸ್ತಾಯ್ತು ಕಣೇ."

"ನಡೀರಿ ಹಾಗಾದ್ರೆ, ಕೂತ್ಕೊಂಡು ನೋಡೋ ಅಂಥದ್ದು ಇದೆ. ನನ್ನ ತಮ್ಮ ಅಷ್ಟು ದೊಡ್ಡ ಮರ ಕಡಿಯೋವಾಗ ನಾನು ಇಲ್ಲಿ ಪಾತ್ರೆ ತೊಳೀತಾ ಇರ್ಲಾ?"

ಮೇಷ್ಟ್ರ ಮನೆಯವರೆಲ್ಲ ಪಕ್ಕದ ದಿಣ್ಣೆ ಹತ್ತಿ ದೂರದಲ್ಲಿ ನಿಂತಿದ್ದರು. ಮನೆಯ ಸಾಮಾನು ಮಾತ್ರ ಒಳಗೇ ಇತ್ತು. "ನಿಮ್ಮ ಶಿಷ್ಯ ಅಲ್ವೇ, ಅಡುಗೆಮನೇಲಿ ಒಂದು ಲೋಟಾನೂ ಕದಲಿಸಿಲ್ಲ" ಎಂದು ಮೇಷ್ಟ್ರು ನಕ್ಕು ಇವರಿಗೆ ಕುರ್ಚಿ ಹಾಕಿಸಿದರು. ಗೂಟದಪ್ಪನವರು ನಾಟಕಕ್ಕೆ ಬಂದವರ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತರು.

ಗರಗಸ ಒಂದೇ ಎಳೆತಕ್ಕೆ ಶುರುವಾಯಿತು. ಮರ ಬೀಳಬೇಕಾದ ಕಡೆ ಭಾಮೈದ ನಾಲ್ಕು ಬೆರಳು ಆಳದ ಕಚ್ಚು ತೆಗೆದ. ಆಮೇಲೆ ಗರಗಸ ಆರಿಸಿ ಕೆಳಗಿಟ್ಟು, ಚೀಲದಿಂದ ಒಂದು ಕೊಡಲಿ ತೆಗೆದ. ಅವನ ಮದುವೆಗೆ ಗೂಟದಪ್ಪನವರೇ ಕೊಟ್ಟ ಉಡುಗೊರೆ. ಅದರ ಬಾಯನ್ನು ಕಚ್ಚಿನೊಳಗೆ ಕೂರಿಸಿ, ಹಿಡಿ ಯಾವ ಕಡೆ ಬೆರಳು ಮಾಡುತ್ತಿದೆ ಎಂದು ಒಂದು ಕಣ್ಣು ಮುಚ್ಚಿ ನೋಡತೊಡಗಿದ.

ಗೂಟದಪ್ಪನವರ ಮೇಲಿನ ಕಾಲು ಕೆಳಗಿಳಿಯಿತು.

ಇಳಿಜಾರಿನಲ್ಲಿ ಕಣ್ಣು ಸುಳ್ಳು ಹೇಳುತ್ತದೆ, ಗೂಟ ಹೇಳುವುದಿಲ್ಲ. ಕೊಡಲಿ ಹಿಡಿ ಗೂಟವನ್ನು ತೋರಿಸುವವರೆಗೆ ಮುಂದಕ್ಕೆ ಕುಯ್ಯಬೇಡ. ಹನ್ನೆರಡು ವರ್ಷ, ಮರಕ್ಕೊಂದು ಸಲದಂತೆ, ಇದನ್ನು ಹೇಳಿಕೊಟ್ಟವರು ಅವರೇ. ಅವನು ಅದನ್ನು ಮರೆತಿರಬೇಕೆಂದು ಅವರು ಲೆಕ್ಕ ಹಾಕಿದ್ದರು. ದುರದೃಷ್ಟಕ್ಕೆ ಅವನು ಒಳ್ಳೆಯ ಶಿಷ್ಯನಾಗಿದ್ದ.

ಹಿಡಿ ಗೂಟಕ್ಕಿಂತ ಮೇಲಕ್ಕೆ ತೋರಿಸುತ್ತಿತ್ತು. ಭಾಮೈದ ತಲೆ ಕೆರೆದುಕೊಂಡ. ಗೂಟ ನೋಡಿದ, ಕಚ್ಚು ನೋಡಿದ. ಕೊನೆಗೆ ತನ್ನ ಕಣ್ಣನ್ನು ಬಿಟ್ಟು ಭಾವನ ಮಾತನ್ನು ನಂಬಿದ. ಕಚ್ಚನ್ನು ಕೆಳಕ್ಕೆ ತಿರುಗಿಸಲು ಗರಗಸ ಎತ್ತಿಕೊಂಡ.

ಆ ದಿಕ್ಕಿಗೆ ಬಿದ್ದ ಮರ ಬಂಡೆಯ ತುದಿಗೆ ಬಡಿದು ತಿರುಗುತ್ತದೆ. ತಿರುಗಿದ ಮರದ ಬುಡ ಕತ್ತೆಯಂತೆ ಒದೆಯುತ್ತದೆ. ಬುಡದಲ್ಲಿ ನಿಂತವನು ಹೆಂಡತಿಯ ಒಬ್ಬನೇ ತಮ್ಮ. ಗೂಟದಪ್ಪನವರು ಪಕ್ಕಕ್ಕೆ ನೋಡಿದರು. ಹೆಂಡತಿ ದೂರದ ಗೂಟವನ್ನು ನೋಡುತ್ತಿದ್ದರು. ಚೆನ್ನಾಗಿ ಕಾಣಲೆಂದು ಭಾಮೈದ ಅದರ ತಲೆಗೆ ಸುಣ್ಣ ಬಳಿದಿದ್ದ. ಅವರ ನೋಟ ಅಲ್ಲಿಂದ ನಿಧಾನವಾಗಿ ಗಂಡನ ತೋಳಿಗೆ ಬಂತು. ಗೂಟದಪ್ಪನವರು ಕುಂಬಳಕಾಯಿ ಕಳ್ಳನಂತೆ ತೋಳು ಮುಟ್ಟಿಕೊಂಡರು.

"ನಿಲ್ಲಿಸೋ" ಎಂದರು. ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಎರಡು ವರ್ಷದಿಂದ ನೆಪ ಹೇಳುತ್ತಿದ್ದ ಮಂಡಿಗಳು ಯಾವ ನೆಪವನ್ನೂ ಹೇಳದೆ ಇಳಿಜಾರು ಹತ್ತಿದವು.

"ಏನ್ ಭಾವ?"

"ಗೂಟ ತಪ್ಪಿದೆ."

"ನಾನು ನೆಟ್ಟ ಗೂಟ ತಪ್ಪಿದೆಯಾ?"

ಹೌದು ಎನ್ನಲು ಬಾಯಿ ತೆರೆಯಿತು. ಎರಡಕ್ಷರ ಸಾಕಿತ್ತು, ಊರೆಲ್ಲ ಕೇಳುತ್ತಿತ್ತು. "ಈಗಿರೋ ಗೂಟ ತಪ್ಪಿದೆ" ಎಂದರು.

ಭಾಮೈದ ಭಾವನ ಮುಖ ನೋಡಿದ, ಆಮೇಲೆ ತೋಳು ನೋಡಿದ. "ಸರಿ, ನೀವೇ ನೆಟ್ಬಿಡಿ."

ಗೂಟದಪ್ಪನವರು ಹೋಗಿ ಗೂಟ ಕಿತ್ತರು. ಒಂದು ಮಾರು ಮೇಲಕ್ಕೆ ನಡೆದು, ಕಾಲಿನಿಂದ ತರಗೆಲೆ ಸರಿಸಿದರು.

"ಸುತ್ತಿಗೆ ಕೊಡ್ಲೇನ್ರೀ?" ಎಂದು ದಿಣ್ಣೆಯ ಮೇಲಿನಿಂದ ಹೆಂಡತಿ.

ಗೂಟ ಒಂದೇ ಒಂದು ಏಟಿಲ್ಲದೆ, ಬಾಟಲಿಗೆ ಬಿರಡೆ ಇಳಿದಂತೆ ಇಳಿಯಿತು.

"ಬೇಡ ಬಿಡಿ. ನೆಲ ಮೆತ್ತಗಿದೆ ಅನ್ಸುತ್ತೆ" ಎಂದರು ಹೆಂಡತಿ.

ಮುಂದಿನ ಒಂದು ಗಂಟೆ ಗೂಟದಪ್ಪನವರು ಕೂರಲಿಲ್ಲ. ಭಾಮೈದ ಕಚ್ಚನ್ನು ಆಳ ಮಾಡಿದ, ಹಿಂದಿನಿಂದ ಕುಯ್ದ, ಬೆಣೆ ಬಡಿದ. ಮರ ಮೊದಲು ಒಂದು ನಿಟ್ಟುಸಿರು ಬಿಟ್ಟಿತು, ಆಮೇಲೆ ಆಕಾಶ ಬಿಟ್ಟುಕೊಟ್ಟಿತು. ದಿಣ್ಣೆಯ ಮೇಲಿನ ಕುರ್ಚಿ ಇನ್ನೊಮ್ಮೆ ಮಗುಚಿತು. ಧೂಳು ಇಳಿದಾಗ ಮರ ಬಂಡೆಗಳಿಗೆ ಬೆನ್ನು ಕೊಟ್ಟು ಮಟ್ಟಸವಾಗಿ ಮಲಗಿತ್ತು. ಕಾಂಡದ ಕೆಳಗೆ ಬಗ್ಗಿ ನೋಡಿದರೆ ಒಂದು ಬಿಳಿ ಚುಕ್ಕೆ. ಅಡುಗೆಮನೆಯಲ್ಲಿ ಒಂದು ಲೋಟವೂ ಒಡೆದಿರಲಿಲ್ಲ.

"ಅನುಭವ ಅಂದ್ರೆ ಅನುಭವ" ಎಂದರು ಮೇಷ್ಟ್ರು, ಎಲ್ಲರಿಗೂ ಕೇಳುವಂತೆ. "ಅಷ್ಟು ದೂರದಿಂದ ಕೂತಲ್ಲೇ ಕಂಡುಹಿಡಿದ್ರಲ್ಲ."

ಎರಡು ವರ್ಷದಿಂದ ಗೂಟದಪ್ಪನವರು ಈ ಮಾತಿಗೇ ಹಸಿದಿದ್ದರು. ಈಗ ಅದು ರುಚಿಸಲಿಲ್ಲ. ಗೂಟ ಇನ್ನೊಬ್ಬನದು, ಹೊಗಳಿಕೆ ತಮ್ಮದು. ಕಸುಬುದಾರನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

"ಗೂಟ ನಂದಲ್ಲ ಮೇಷ್ಟ್ರೇ. ಅವನು ನೆಟ್ಟಿದ್ದೇ ಸರಿ ಇತ್ತು. ಬೆಳಿಗ್ಗೆ ನಾನೇ ಬಂದು ಕಿತ್ತು..."

ಮೇಷ್ಟ್ರು ಕೈಯೆತ್ತಿ ತಡೆದರು. "ನೋಡಿ, ದೊಡ್ಡೋರು ಅಂದ್ರೆ ಹೀಗಿರಬೇಕು. ಶಿಷ್ಯನ ತಪ್ಪನ್ನೂ ತಮ್ಮ ಮೈಮೇಲೆ ಹಾಕ್ಕೊಳ್ತಾರೆ."

ಗೂಟದಪ್ಪನವರು ಆ ದಿನ ಒಟ್ಟು ಮೂರು ಸಲ ತಪ್ಪೊಪ್ಪಿಕೊಂಡರು. ಪ್ರತಿ ಸಲವೂ ಅವರ ಕೀರ್ತಿ ಇಷ್ಟಿಷ್ಟು ಬೆಳೆಯಿತು. ಪಕ್ಕದಲ್ಲಿ ಭಾಮೈದ ಹಗ್ಗ ಸುತ್ತುತ್ತಾ "ಭಾವ ಬರ್ದೇ ಇದ್ದಿದ್ರೆ ಇವತ್ತು ಇದ್ಯಾವುದೂ ಆಗ್ತಿರ್ಲಿಲ್ಲ" ಎಂದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಗೂಟದಪ್ಪನವರಿಗೆ ಹೊಸದೊಂದು ಹೊಟ್ಟೆಯುರಿ ಶುರುವಾಯಿತು: ಬೈಯಬಹುದಾದಾಗ ಬೈಯದೆ ಇರುವುದನ್ನು ಇವನಿಗೆ ಯಾರು ಕಲಿಸಿದರು. ತಾವಂತೂ ಕಲಿಸಿರಲಿಲ್ಲ.

ವಾರ ಕಳೆದು ಭಾಮೈದ ಮನೆಗೆ ಬಂದ. ಹೆಂಡತಿ ಸುಣ್ಣ ಹತ್ತಿದ ಅದೇ ಶರಟನ್ನು ಮೂರನೆಯ ಸಲ ಉಜ್ಜುತ್ತಿದ್ದರು.

"ಭಾವ, ಕಾಲುವೆ ಏರಿ ಮೇಲೆ ಇನ್ನೊಂದು ಮರ ಇದೆ, ಇದಕ್ಕಿಂತ ಕಷ್ಟದ ಜಾಗ. ಗೂಟ ನೀವು ನೆಡಿ, ನಾನು ಕುಯ್ತೀನಿ. ಕಾವಲೂ ನೀವೇ ಇರಿ. ಹೇಗೂ ಬೆಳಿಗ್ಗೆ ವಾಕಿಂಗ್ ಬರ್ತೀರಲ್ಲ."

ಬಟ್ಟೆ ಉಜ್ಜುವ ಸದ್ದು ನಿಂತಿತು. ಗೂಟದಪ್ಪನವರು ರೇಡಿಯೊದ ಮೇಲಿಲ್ಲದ ಧೂಳನ್ನು ಬಹಳ ಹೊತ್ತು ಒರೆಸಿದರು.

"ನಂಗೆ ಬೇರೆ ಕೆಲಸ ಇದೆ" ಎಂದರು. ಆಮೇಲೆ, ತಲೆ ಎತ್ತದೆ, "ಎಷ್ಟು ಗಂಟೆಗೆ?"