ಕ್ಯಾಸೆಟ್ಟಿನೊಳಗೆ ಕೂಗಿದ ಹುಂಜ

ಪಕ್ಕದ ಮನೆಯ ಪುಟ್ಟ ಸಫೀನಾ ಮೊದಲ ಸಲ ಬಾಯಿ ತುಂಬ "ಉಪ್ಪಾ" ಎಂದಳು. ಅದೇ ಗಳಿಗೆಯಲ್ಲಿ ಬೇಲಿಯ ಈಚೆ ನಮ್ಮ ಹುಂಜ ಕತ್ತು ಉದ್ದ ಮಾಡಿ "ಕೊಕ್ಕೊಕ್ಕೋ" ಎಂದಿತು. ಟೇಪ್ ರೆಕಾರ್ಡರ್ ಎರಡನ್ನೂ ಒಟ್ಟಿಗೇ ನುಂಗಿತು.

ತಿರುಗಿಸಿ ಹಾಕಿದಾಗ ಕೇಳಿಸಿದ್ದು ಹುಂಜ ಮಾತ್ರ.

(ಉಪ್ಪ ಎಂದರೆ ಅಪ್ಪ. ನಮ್ಮೂರಿನ ಓದುಗರಿಗೆ ಹೇಳಬೇಕಾಗಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳಿದೆ.)

ಇದು ಎರಡು ವರ್ಷ ಹಿಂದಿನ ಮಾತು. ಸಿದ್ಧಕಟ್ಟೆಯಲ್ಲಿ ನಮ್ಮ ಬೇಲಿಗೆ ತಾಗಿದ ಮನೆ ಜೋಹರಾಳದ್ದು. ಗಂಡ ಹಂಝ ಕಡಲಾಚೆ ದಮ್ಮಾಮಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಮಗಳು ಹುಟ್ಟುವ ಮೊದಲೇ ಹೋದವನು. ಫೋನ್ ಮಾಡೋಣವೆಂದರೆ ಬೂತಿನಲ್ಲಿ ಕ್ಯೂ; ಹಿಂದೆ ನಿಂತವರೆಲ್ಲ ನಮ್ಮ ಸಂಸಾರವನ್ನು ಕೇಳಿಸಿಕೊಳ್ಳುತ್ತಾರೆ. ಹಾಗಾಗಿ ಕ್ಯಾಸೆಟ್. ಹೇಳಬೇಕಾದದ್ದನ್ನೆಲ್ಲ ಅದರಲ್ಲಿ ತುಂಬಿಸಿ, ಆ ಕಡೆಗೆ ಹೊರಟವರ ಕೈಯಲ್ಲಿ ಕೊಟ್ಟು ಕಳಿಸುವುದು. ನಿಮ್ಮಲ್ಲೂ ಎಷ್ಟು ಮನೆಗಳಲ್ಲಿ ಸಂಸಾರ ಹೀಗೆ ನಡೆಯುತ್ತಿಲ್ಲ?

ಆ ದಿನ ಜೋಹರಾ ಬೇಲಿಯ ಹತ್ತಿರ ಬಂದಳು.

"ಟೀಚರಕ್ಕಾ, ನಿಮ್ಮ ಹುಂಜಕ್ಕೆ ನಮ್ಮ ಮೇಲೆ ಎಂತ ದ್ವೇಷ? ಕ್ಯಾಸೆಟ್ ಕೊಂಡುಹೋಗುವವರು ನಾಳೆ ಬೆಳಿಗ್ಗೆ ಹೊರಡ್ತಾರೆ. ಇವಳು ಇನ್ನೊಮ್ಮೆ ಹೇಳು ಅಂದ್ರೆ ಬಾಯಿ ಬಿಡುದಿಲ್ಲ."

ನಗುತ್ತಲೇ ಹೇಳಿದಳು. ಕಣ್ಣಲ್ಲಿ ನೀರಿತ್ತು.

ನಾನು ಹುಂಜವನ್ನು ಹಿಡಿದು ಬುಟ್ಟಿ ಮುಚ್ಚಿದೆ. ಒಳಗೆ ಕತ್ತಲಾಯಿತು, ಸುಮ್ಮನಾಯಿತು. ಪಾಪ, ಉಸಿರು ಕಟ್ಟೀತು ಎಂದು ಸ್ವಲ್ಪ ಎತ್ತಿದೆ. ಬೆಳಗಾಯಿತೆಂದು ಮತ್ತೆ ಕೂಗಿತು. ಸಫೀನಾ ಮಾತ್ರ ತುಟಿ ಬಿಚ್ಚಲಿಲ್ಲ. ಕ್ಯಾಸೆಟ್ ಹಾಗೆಯೇ ಹೋಯಿತು.

ಕೋಳಿ ಸಾಕುವುದು ಸುಲಭ ಎನ್ನುವವರು ಕೋಳಿ ತಿನ್ನುವವರು, ಸಾಕುವವರಲ್ಲ. ಮೇಲಿನಿಂದ ಗಿಡುಗ, ಕೆಳಗಿನಿಂದ ಮುಂಗುಸಿ. ನಿನ್ನೆ ನೆಟ್ಟ ಬಸಳೆಯ ಬುಡ ಇವತ್ತು ಕೆದರಿರುತ್ತದೆ. ಗುಡಿಸಿದ ಜಗಲಿಯ ಮೇಲೆಯೇ ಅವಕ್ಕೆ ಹೊಟ್ಟೆ ಸಡಿಲವಾಗಬೇಕು. ಸಂಜೆ ಗೂಡು ಮುಚ್ಚುವಾಗ ಒಂದು ತಲೆ ಕಮ್ಮಿ ಬಿದ್ದರೆ ನನಗೆ ಊಟ ಇಳಿಯುವುದಿಲ್ಲ. ಆದರೂ ಯಾಕೆ ಸಾಕುತ್ತೇನೆ? ಬೆಳಿಗ್ಗೆ ಗೂಡಿಗೆ ಕೈ ಹಾಕಿದಾಗ ಬಿಸಿ ಮೊಟ್ಟೆಯೊಂದು ಅಂಗೈಯೊಳಗೆ ಬಂದು ಕೂರುತ್ತದಲ್ಲ, ಅದಕ್ಕೆ. ಹೇಟೆ ರೆಕ್ಕೆ ಅಗಲಿಸಿ ಮರಿಗಳನ್ನೆಲ್ಲ ಒಳಗೆ ಸೇರಿಸಿಕೊಳ್ಳುವುದನ್ನು ನೋಡುತ್ತಾ ಒಲೆಯ ಮೇಲಿನ ಹಾಲನ್ನು ಎಷ್ಟು ಸಲ ಉಕ್ಕಿಸಿದ್ದೇನೋ.

ಈ ಹುಂಜಕ್ಕೆ ನಾವಿಟ್ಟ ಹೆಸರು ಹೆಡ್ಮಾಸ್ಟರ್. ಎದೆ ಮುಂದೆ ಮಾಡಿ ಅಂಗಳಕ್ಕೆ ರೌಂಡ್ ಹೊಡೆಯುವ ಠೀವಿ ನೋಡಿ ಇಟ್ಟದ್ದು. (ನಮ್ಮ ಶಾಲೆಯ ಹೆಡ್ಮಾಸ್ಟರು ಈ ಅಂಕಣ ಓದುವುದಿಲ್ಲ ಎಂಬ ಧೈರ್ಯ.)

ಕ್ಯಾಸೆಟ್ಟಿನ ಕತೆ ಕೇಳಿ ನಮ್ಮ ಮನೆಯವರು, "ಒಂದು ಭಾನುವಾರ ರೊಟ್ಟಿ ತರ್ತೇನೆ. ಮುಗಿಸಿಬಿಡುವ" ಎಂದರು. ನಮ್ಮ ಕಡೆ ರೊಟ್ಟಿ ಎಂದರೆ ಕೋಳಿಸಾರಿಗೆ ಮುರಿದು ಹಾಕುವ ಗರಿಗರಿ ರೊಟ್ಟಿ. ಅತ್ತೆ ಮಾತ್ರ ಹುಂಜದ ಪರ ವಾದಿಸಿದರು: "ಹುಂಜ ಕೂಗದೆ ಇನ್ನೆಂತ ಮಾಡ್ತದೆ? ಭಾಷಣ ಮಾಡ್ತದಾ?"

ಈ ನಡುವೆ ಸುದ್ದಿ ತಿಳಿದು ಕೋಳಿ ಅಂಕದ, ಅಂದರೆ ಕೋಳಿ ಕಾಳಗದ, ಹುಚ್ಚಿನವರೊಬ್ಬರು ಸ್ಕೂಟರಿನಲ್ಲಿ ಬಂದರು. ಹೆಡ್ಮಾಸ್ಟರನ್ನು ಎತ್ತಿ, ತೊಡೆ ಒತ್ತಿ, ಕಾಲು ಎಳೆದು ನೋಡಿದರು.

"ಟೀಚರೇ, ಇಂಥ ಹುಂಜ ಅಂಗಳದಲ್ಲಿ ವೇಸ್ಟ್."

ಕಾಲಿಗೆ ಬಾಳು ಎಂಬ ಚೂರಿ ಕಟ್ಟಿಸಿಕೊಂಡು ಕಾದಾಡಿ ಸಾಯುವುದು ವೇಸ್ಟ್ ಅಲ್ಲವೇ? ಕೇಳಬೇಕೆನಿಸಿತು. "ಆಲೋಚನೆ ಮಾಡಿ ಹೇಳ್ತೇನೆ" ಎಂದು ಕಳಿಸಿದೆ. ಜೋಹರಾಳ ಮುಖ ನೋಡಿದರೆ ಕೊಡಬೇಕು ಎನಿಸುತ್ತಿತ್ತು. ಹುಂಜದ ಮುಖ ನೋಡಿದರೆ ಬೇಡ ಎನಿಸುತ್ತಿತ್ತು.

ಅಷ್ಟರಲ್ಲಿ ಹಂಝನ ಉತ್ತರದ ಕ್ಯಾಸೆಟ್ ಬಂತು. ಜೋಹರಾ ಟೇಪ್ ರೆಕಾರ್ಡರ್ ಎತ್ತಿಕೊಂಡು ಓಡಿ ಬಂದು ನಮ್ಮ ಜಗಲಿಯಲ್ಲಿ ಇಟ್ಟು ಬಟನ್ ಒತ್ತಿದಳು. ಅಷ್ಟು ದೂರದಿಂದ ಹಂಝ ಮಾತಾಡಿದ:

"ಜೋಹರಾ, ಆ ಹುಂಜ ಟೀಚರ ಮನೆದಲ್ವಾ? ರೂಮಿನಲ್ಲಿ ಎಲ್ಲರೂ ಅದನ್ನೇ ಕೇಳುದು. ಮೂಡುಬಿದಿರೆಯವನು ಒಬ್ಬ, ಬೆಳ್ತಂಗಡಿಯವನು ಒಬ್ಬ, 'ಇನ್ನೊಮ್ಮೆ ಹಾಕು ಮಾರಾಯ, ನಮ್ಮ ಮನೆ ಹುಂಜದ ಹಾಗೇ ಉಂಟು' ಅಂತಾರೆ. ಅವರಿಗೋಸ್ಕರ ರಿವೈಂಡ್ ಮಾಡಿ ಮಾಡಿ ಕೇಳುವಾಗ ಕೂಗಿನ ಅಡಿಯಲ್ಲಿ ಮಗಳ ಸ್ವರ ಸಿಕ್ಕಿತು. 'ಉಪ್ಪಾ' ಅಂದದ್ದಲ್ವಾ ಅವಳು?"

ಜೋಹರಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಟೀಚರಕ್ಕಾ, ಇದನ್ನು ಯಾರಿಗೂ ಕೊಡ್ಬೇಡಿ" ಎಂದಳು. ರೊಟ್ಟಿ ಬಂತು; ಜೊತೆಗೆ ಪೇಟೆಯ ಬ್ರಾಯ್ಲರ್ ಬಂತು.

ಆಮೇಲೆ ಪ್ರತಿ ಕ್ಯಾಸೆಟ್ಟಿಗೂ ಹುಂಜ ಬೇಕಾಯಿತು. ಬಟನ್ ಒತ್ತಿ ಜೋಹರಾ ಕಾಯುತ್ತಿದ್ದಳು. ಹೆಡ್ಮಾಸ್ಟರ್ ಮಣ್ಣು ಕೆದರುತ್ತಾ ಗಂಭೀರವಾಗಿ ಮೌನ. ಬಟನ್ ಆಫ್ ಮಾಡಿದ ಕೂಡಲೇ ಕೂಗು!

ಈ ಬೇಸಗೆಯಲ್ಲಿ ಊರಿಗೆ ಕೋಳಿರೋಗ ಬಂತು. ಒಂದು ತೂಕಡಿಸಿತು, ಮತ್ತೊಂದರ ಕತ್ತು ತಿರುಚಿತು. ಔಷಧಿ ಹಾಕಿದೆ, ಬೆಳ್ಳುಳ್ಳಿ ಅರೆದು ಹಾಕಿದೆ. ಗೂಡು ಖಾಲಿಯಾಗುತ್ತಾ ಹೋಯಿತು. ಕೊನೆಗೆ ಹೆಡ್ಮಾಸ್ಟರ್ ಕೂಡಾ. ತೆಂಗಿನ ಬುಡದಲ್ಲಿ ಹೂಳುವಾಗ ಜೋಹರಾ ಬಂದು ಪಕ್ಕದಲ್ಲಿ ನಿಂತಳು.

"ಅವರಿಗೆ ಎಂತ ಹೇಳುದು ಟೀಚರಕ್ಕಾ?"

"ಇದ್ದದ್ದನ್ನೇ ಹೇಳು."

ಹೇಳಿದಳು. ಉಳಿದದ್ದು ಕಟ್ಟಿಗೆಯ ಕೊಟ್ಟಿಗೆಯಲ್ಲಿ ಬೇರೆಯೇ ಕಾವಿಗೆ ಕೂತಿದ್ದ ಕೆಂಪು ಹೇಟೆ ಒಂದೇ. ಅದು ಮರಿ ಮಾಡಿತು.

ಕಳೆದ ವಾರ ಹಂಝ ರಜೆಯಲ್ಲಿ ಬಂದ. ಸಫೀನಾ ಈಗ ಪಟಪಟ ಮಾತಾಡುವ ಹುಡುಗಿ. ಆದರೆ ಅಪ್ಪನ ಹತ್ತಿರ ಸುಳಿಯಲಿಲ್ಲ. ಅವನು ಬಾಯಿ ತೆರೆದರೆ ಅವಳು ಕಪಾಟಿನ ಮೇಲಿನ ಟೇಪ್ ರೆಕಾರ್ಡರ್ ಕಡೆ ನೋಡುತ್ತಾಳಂತೆ. ಅವಳಿಗೆ ಗೊತ್ತಿದ್ದ ಉಪ್ಪ ಅಲ್ಲಿದ್ದ. ಗೊಂಬೆ ಕೊಟ್ಟ, ಚಾಕಲೇಟ್ ಕೊಟ್ಟ. ತೆಗೆದುಕೊಂಡು ಅಮ್ಮನ ಹಿಂದೆ ನಿಂತಳು.

ಭಾನುವಾರ ಅವನು ನಮ್ಮ ಅಂಗಳಕ್ಕೆ ಬಂದ. "ಹೆಡ್ಮಾಸ್ಟರ್ ಇಲ್ಲ ಅಂತ ಕೇಳಿ ರೂಮಿನವರಿಗೆಲ್ಲ ಬೇಜಾರಾಯ್ತು ಟೀಚರ್" ಎಂದ. ಕುಕ್ಕರುಗಾಲಲ್ಲಿ ಕೂತು ಮರಿಗಳಿಗೆ ನುಚ್ಚಕ್ಕಿ ಎರಚತೊಡಗಿದ. ಸ್ವಲ್ಪ ಹೊತ್ತಿಗೆ ಸಫೀನಾ ಬೇಲಿ ನುಸುಳಿ ಬಂದಳು. ಮೊದಲು ನನ್ನ ಹಿಂದೆ ನಿಂತಳು. ಆಮೇಲೆ ಅವನ ಪಕ್ಕ. ಆಮೇಲೆ ಕೈ ಚಾಚಿದಳು. ಹಂಝ ಆ ಪುಟ್ಟ ಅಂಗೈಗೆ ನುಚ್ಚು ಸುರಿದ. ಇಬ್ಬರೂ ಎರಚಿದರು.

ನುಚ್ಚು ಮುಗಿದ ಮೇಲೆ ಮರಿಗಳು ಓಡಿ ಹೋಗಿ ತಾಯಿಯ ರೆಕ್ಕೆಯಡಿ ಸೇರಿದವು. ಸಫೀನಾ ಅತ್ತಿತ್ತ ನೋಡಿದಳು. ಆಮೇಲೆ ಮೊತ್ತಮೊದಲ ಸಲ ಹಂಝನ ಮುಖವನ್ನೇ ನೋಡಿ ಕೇಳಿದಳು:

"ಇವುಗಳ ಉಪ್ಪನೂ ದಮ್ಮಾಮಿನಲ್ಲಿ ಉಂಟಾ?"